ಬಾಗಿಲಿಗೆ ಟವೆಲ್ ಹಾಕದ ದಿನ

ನಮ್ಮ ಊರಿನಲ್ಲಿ ಒಂದು ಲಿಂಕನ್ನು ಒಬ್ಬರೇ ನೋಡಬಹುದು, ಅದೂ ಒಂದೇ ಸಲ. ಆಮೇಲೆ ಊರಿನ ಯಾರ ಫೋನಿನಲ್ಲಿ ಒತ್ತಿದರೂ ಬಿಳಿ ಪರದೆ. ಒಬ್ಬರು ನೋಡುತ್ತಿರುವಾಗ ಪಕ್ಕದವರು ಕತ್ತು ಚಾಚಿದರೆ ಅವರ ಕಣ್ಣಿಗೆ ಬಿಳಿ, ಕಿವಿಗೆ ಮೌನ. ಬೇರೆ ಊರಿಗೆ ಹೋಗಿ ಬೀಗರ ಮನೆಯಲ್ಲಿ ಕೂತು ತೆರೆದರೂ ಅಷ್ಟೆ. ಅಳಿಯ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾನೆ, ನಾವು ಸುಣ್ಣ ಬಳಿದ ಗೋಡೆ ನೋಡಿದ ಹಾಗೆ ನೋಡುತ್ತಾ ಮರ್ಯಾದೆಗೆ ಹಲ್ಲು ಕಿರಿಯಬೇಕು. ಯಾಕೆ ಹೀಗೆ ಎಂದು ಕೇಳುವವರು ಮೊದಲು ಇದ್ದರಂತೆ, ಈಗ ಇಲ್ಲ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುವುದಕ್ಕೆ ಹೊಂದಿಕೊಂಡ ಹಾಗೆ ಇದಕ್ಕೂ ಹೊಂದಿಕೊಂಡಿದ್ದೇವೆ.

ಲಿಂಕುಗಳು ಸೋಮವಾರ ಬೆಳಿಗ್ಗೆ ಊರಿನ ಗುಂಪಿಗೆ ಬರುತ್ತವೆ. ಕಳಿಸುವವನು ಹೊರಗೆಲ್ಲೋ ಇರುವ ಒಬ್ಬ ಪುಣ್ಯಾತ್ಮ, ಅವನ ಮುಖ ನೋಡಿದವರಿಲ್ಲ. ಲೋಕದಲ್ಲಿ ಏನೇನು ಸ್ವಾರಸ್ಯವಿದೆಯೋ ಅದನ್ನೆಲ್ಲ ಹುಡುಕಿ, ಕಲೆ, ರಾಜಕೀಯ, ವಿಜ್ಞಾನ, ಸಂಗೀತ ಎಂದು ವಿಂಗಡಿಸಿ, ಒಂದೊಂದಕ್ಕೂ ಅರ್ಧ ಸಾಲಿನ ಹೆಸರಿಟ್ಟು ಕಳಿಸುತ್ತಾನೆ. ನಿವೃತ್ತ ಹೆಡ್‌ಮಿಸ್ಟ್ರೆಸ್ ಕುಸುಮಾ ಟೀಚರ್ ಅದನ್ನು ಊರಿನವರಿಗೆ ಹಂಚುತ್ತಾರೆ. ವಿಜ್ಞಾನ ತಾವೇ ಇಟ್ಟುಕೊಳ್ಳುತ್ತಾರೆ, ರಾಜಕೀಯ ಹೋಟೆಲ್ ಈರಣ್ಣನಿಗೆ, ಸಂಗೀತ ನಮ್ಮ ಮನೆಯವರಿಗೆ. ತೆರೆಯುವುದಕ್ಕೆ ನಾವು ಒಡೆಯುವುದು ಎನ್ನುತ್ತೇವೆ, ಕಾಯಿ ಒಡೆದ ಹಾಗೆ. ಒಡೆದವರು ಶನಿವಾರ ಸಂಜೆ ಬೈಪಾಸಿನ ಹತ್ತಿರ ಮುಚ್ಚಿಹೋಗಿರುವ ಪೆಟ್ರೋಲ್ ಬಂಕಿನ ಸೂರಿನ ಕೆಳಗೆ ನಿಂತು, ಕಂಡದ್ದನ್ನೂ ಕೇಳಿದ್ದನ್ನೂ ಉಳಿದವರಿಗೆ ಹೇಳಬೇಕು. ಯಾರಿಗೆ ಕಂಡಿತೋ ಅವರೇ ಹೇಳಬೇಕು, ಬೇರೆಯವರು ಹೇಳುವ ಹಾಗಿಲ್ಲ. ಊರಿನಲ್ಲಿ ಮುರಿಯಬಾರದ ಕಟ್ಟಳೆ ಅಂತ ಇರುವುದು ಇದೊಂದೇ.

ಇನ್ನು ಟವೆಲ್ಲು. ಲಿಂಕು ಒಡೆಯುವ ಮುಂಚೆ ಮನೆಯ ಮುಂಬಾಗಿಲಿನ ಮೇಲೆ ಒಂದು ಟವೆಲ್ ಹಾಕಬೇಕು. ಟವೆಲ್ ಕಂಡರೆ ಬೀದಿಯವರು ಹಾರ್ನ್ ಹಾಕುವುದಿಲ್ಲ, ತರಕಾರಿ ಗಾಡಿಯವನು ಕೂಗುವುದಿಲ್ಲ, ಮನೆಯವರು ಕುಕ್ಕರ್ ಇಳಿಸಿ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ಆ ಒಬ್ಬರ ಕಣ್ಣು ಕಿವಿ ಇಡೀ ಊರಿನದು ಎಂಬ ಲೆಕ್ಕ. ನಮ್ಮ ಬೀದಿಯ ಪುಟ್ಟ ಮಕ್ಕಳಿಗೂ ಟವೆಲ್ ನೋಡಿದರೆ ಬಾಯಿ ಮುಚ್ಚಬೇಕೆಂದು ಗೊತ್ತು. ನನಗೆ ಗೊತ್ತಿಲ್ಲವೇ?

ಹೇಳುವುದರಲ್ಲಿ ಒಬ್ಬೊಬ್ಬರದು ಒಂದೊಂದು ಚಾಳಿ. ಈರಣ್ಣ ಯಾವ ದೇಶದ ಚುನಾವಣೆ ಹೇಳಿದರೂ ಕೊನೆಗೆ ನಮ್ಮ ಪುರಸಭೆಗೆ ಬಂದು ನಿಲ್ಲುತ್ತಾನೆ. ಕುಸುಮಾ ಟೀಚರ್ ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಹೇಳಿದ ಮೇಲೆ ಅದರಲ್ಲಿ ಯಾವುದು ಹೆಂಡತಿಗೆ, ಯಾವುದು ತಾಯಿಗೆ ಎಂದು ಊರಿನ ಗಂಡಸರು ಮಳೆಗಾಲ ಮುಗಿಯುವ ತನಕ ವಾದ ಮಾಡಿದರು. ನಮ್ಮ ಮನೆಯವರ ಶನಿವಾರವೆಂದರೆ ಮಾತ್ರ ಜನ ಮನೆಯಿಂದ ಚಾಪೆ ತರುತ್ತಿದ್ದರು.

ನಮ್ಮ ಮನೆಯವರ ಹೆಸರು ಉಮಾಪತಿ. ಪಾತ್ರೆ ಅಂಗಡಿ ಇದೆ. ವಯಸ್ಸಿನಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು, ಈಗಲೂ ಕಂಠ ಚೆನ್ನಾಗಿದೆ. ಬಂಕಿಗೆ ಹೋಗುವಾಗ ಅಂಗಡಿಯಿಂದ ಒಂದು ತಾಮ್ರದ ಬಿಂದಿಗೆ ಒಯ್ದು, ಅದನ್ನೇ ಬಾರಿಸುತ್ತಾ, ಎಲ್ಲೋ ಮಂಜಿನ ದೇಶದಲ್ಲಿ ಯಾರೋ ನುಡಿಸಿದ ಪಿಟೀಲನ್ನು ಬಾಯಲ್ಲೇ ನುಡಿಸಿ ತೋರಿಸುತ್ತಿದ್ದರು. ಎಲ್ಲಿ ದನಿ ಏರಿತು, ಎಲ್ಲಿ ಸಭೆ ಉಸಿರು ಬಿಗಿಹಿಡಿಯಿತು, ಎಲ್ಲ ಹೇಳುತ್ತಿದ್ದರು. ಸ್ವಲ್ಪ ಉಪ್ಪುಖಾರ ಸೇರಿಸುತ್ತಾರೆಂದು ನನಗೆ ಗೊತ್ತಿತ್ತು. ಸೇರಿಸಲಿ ಬಿಡು, ಪಿಟೀಲಿನವನು ಬಂದು ಕೇಳುತ್ತಾನೆಯೇ ಎಂದುಕೊಳ್ಳುತ್ತಿದ್ದೆ. ಜನ ಅವರಿಗೆ ಕೈಮುಗಿದಾಗ ಪಕ್ಕದಲ್ಲಿ ನಿಂತು ನಾನೂ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಆ ಸೋಮವಾರ ಅವರ ಪಾಲಿಗೆ ಬಂದದ್ದು ‘ಕೆಲಸ ಮಾಡುತ್ತಾ ಹಾಡುವವರು’ ಎಂಬ ಲಿಂಕು. ಯಾರೋ ಊರೂರು ಸುತ್ತಿ, ಬಟ್ಟೆ ಒಗೆಯುವವರು, ರೈಲಿನ ಹಳಿ ನೋಡುವವರು, ಬೇಕರಿಯವರು ಕೆಲಸದ ನಡುವೆ ಗುನುಗುವುದನ್ನು ಒಬ್ಬೊಬ್ಬರದಾಗಿ ಹಿಡಿದಿಟ್ಟಿದ್ದರಂತೆ. ಅದರಲ್ಲಿ ಒಬ್ಬರ ಹಾಡು ಇದು, ಯಾರದೆಂದು ಬರೆದಿರಲಿಲ್ಲ. ನಮ್ಮವರು ಎರಡು ದಿನ ಮುಟ್ಟಲಿಲ್ಲ. ಇಂಥ ಗುನುಗಾಟದಲ್ಲಿ ಏನು ಮಹಾ ಇರುತ್ತದೆ, ಬಿಂದಿಗೆ ಬಾರಿಸಲೂ ಜಾಗವಿರುವುದಿಲ್ಲ ಎಂದು ಮೂಗು ಮುರಿದಿದ್ದರು.

ಬುಧವಾರ ಬೆಳಿಗ್ಗೆ ನಾನು ದೋಸೆ ಹೊಯ್ಯಲು ಕಾವಲಿ ಇಟ್ಟಿದ್ದೆ. ಅವರು ಅಡುಗೆಮನೆಗೆ ಬಂದು ಫೋನು ಹಿಡಿದುಕೊಂಡು ನಿಂತಿದ್ದರು. ಅಂಗಡಿ ತೆಗೆಯುವ ಹೊತ್ತಾಗಿತ್ತು, ತಿಂಡಿ ತಿನ್ನುತ್ತಲೇ ಮುಗಿಸಿಬಿಡೋಣ ಎಂದು ಒತ್ತಿದ್ದಾರೆ. ನನಗೆ ಹೇಳಲಿಲ್ಲ. ಬಾಗಿಲಿಗೆ ಟವೆಲ್ ಹಾಕಲಿಲ್ಲ. ಲಿಂಕು ತೆರೆದುಕೊಳ್ಳದೆ ಸುಮ್ಮನೆ ಗಿರಗಿರ ತಿರುಗುತ್ತಿದ್ದಾಗ ಹೊರಗೆ ಸಿಲಿಂಡರಿನವನು ಕೂಗಿದ. ತಿರುಗುತ್ತಿರಲಿ ಎಂದು ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಇವರು ಹೊರಗೆ ಹೋದರು. ಅಡುಗೆಮನೆಯಲ್ಲಿ ನಾನೊಬ್ಬಳೇ ಉಳಿದೆ.

ಆಗ ಫೋನಿನಿಂದ ಒಬ್ಬ ಹೆಂಗಸಿನ ದನಿ ಹಾಡಲು ಶುರುಮಾಡಿತು. ಯಾವುದೋ ಜಾಹೀರಾತು ಇರಬೇಕೆಂದುಕೊಂಡೆ. ಕೈಯೆಲ್ಲ ಹಿಟ್ಟಾಗಿತ್ತು, ಆರಿಸಲು ಹೋಗಲಿಲ್ಲ. ಚಟ್ನಿಗೆ ಕಾಯಿತುರಿ, ಹುರಿಗಡಲೆ, ಮೆಣಸಿನಕಾಯಿ ಜಾರಿಗೆ ಹಾಕಿಯಾಗಿತ್ತು. ಮಿಕ್ಸಿ ಹಾಕಿದೆ. ನಮ್ಮ ಮನೆ ಮಿಕ್ಸಿ ಹಳೆಯದು, ಹಾಕಿದರೆ ಪಕ್ಕದ ಮನೆಯ ಗಿಳಿಯೂ ಮಾತು ನಿಲ್ಲಿಸುತ್ತದೆ. ನಾನು ನಿಲ್ಲಿಸುವ ಹೊತ್ತಿಗೆ ಫೋನು ಸುಮ್ಮನಾಗುತ್ತಿತ್ತು.

ಅವರು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು, ಫೋನು ನೋಡಿದರು, ಅಲ್ಲೇ ನಿಂತುಬಿಟ್ಟರು. ನಾನು ಕಿವಿ ಮಾತ್ರ ಕೊಟ್ಟಿದ್ದರಿಂದ ಕಣ್ಣಿನ ಪಾಲು ಅವರಿಗೆ ಉಳಿದಿತ್ತೇನೋ, ಪರದೆ ಬಿಳಿಯಾಗುವ ಮುಂಚೆ ಕೊನೆಗೊಂದು ಹೆಸರು ಬಂದಿತ್ತಂತೆ: ನೇತ್ರಾ, ರಕ್ತ ಪರೀಕ್ಷೆಯ ಕೋಣೆ. ಕೆಳಗೆ ಸ್ವಂತ ಊರು ಎಂದು ನಮ್ಮ ಊರಿನ ಹೆಸರು.

“ಇಂದ್ರಾಣಕ್ಕನ ಮಗಳು ಕಣೆ” ಎಂದರು. ಅವರ ದನಿ ಹಾಗೆ ಬಿದ್ದುಹೋದದ್ದನ್ನು ನಾನು ಕೇಳಿರಲಿಲ್ಲ.

ಇಂದ್ರಾಣಕ್ಕ ಹಿಂದಿನ ಬೀದಿಯವರು. ಸೀರೆಗೆ ಫಾಲ್ ಹೊಲಿಯುತ್ತಾರೆ. ಊರಿನ ಹೆಂಗಸರ ಸೀರೆಗಳೆಲ್ಲ ಒಂದಲ್ಲ ಒಂದು ಸಲ ಅವರ ಮೊಣಕಾಲ ಮೇಲೆ ಮಲಗಿವೆ. ಗಂಡ ಇಲ್ಲ, ಒಬ್ಬಳೇ ಮಗಳು. ಆ ನೇತ್ರಾ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಹೋದ ವರ್ಷ ಅಲ್ಲೇ ಜ್ವರ ಬಂದು ತೀರಿಕೊಂಡಳು. ತಾಯಿ ಹೋಗಿ ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಹುಡುಗಿಯ ಫೋಟೋ ಇತ್ತು, ಬಟ್ಟೆಯಿತ್ತು, ದನಿ ಮಾತ್ರ ಎಲ್ಲೂ ಉಳಿದಿರಲಿಲ್ಲ. ಇಂದ್ರಾಣಕ್ಕನೇ ಒಮ್ಮೆ ನನ್ನ ಮುಂದೆ ಹೇಳಿದ್ದರು: “ಮುಖ ನೆನಪಾಗುತ್ತೆ ಕಣಮ್ಮ, ದನಿ ನೆನಪಿಗೆ ಬರ್ತಿಲ್ಲ. ಇನ್ನೇನು ಬಂತು ಅನ್ನೋವಾಗ ಹೋಗುತ್ತೆ.”

ಆ ದನಿ ನಮ್ಮ ಅಡುಗೆಮನೆಗೆ ಬಂದಿತ್ತು. ಒಡೆದವರು ನಮ್ಮವರೇ, ಆದರೆ ಅವರಿಗೆ ಒಂದು ಅಕ್ಷರವೂ ಕೇಳಿರಲಿಲ್ಲ. ಅವರು ಹೊರಗೆ ಹೋದದ್ದರಿಂದ ಕೇಳುವ ಆ ಒಬ್ಬರು ನಾನಾದೆ. ಇಡೀ ಊರಿನಲ್ಲಿ ನನಗೊಬ್ಬಳಿಗೆ ಸಿಕ್ಕಿತ್ತು, ನಾನು ಅದರ ಮೇಲೆ ಮಿಕ್ಸಿ ಹಾಕಿದ್ದೆ. ಕಾವಲಿಯ ಮೇಲಿನ ದೋಸೆ ಸೀದು ಕರಕಲಾಯಿತು, ಇಬ್ಬರೂ ನೋಡುತ್ತಾ ನಿಂತಿದ್ದೆವು.

“ಹೋಗಿ ಹೇಳಿಬಿಡೋಣ ಕಣ್ರೀ” ಎಂದೆ.

“ಏನಂತ ಹೇಳ್ತೀಯೆ? ಟವೆಲ್ ಹಾಕ್ದೆ ಒಡೆದೆ, ನನ್ನ ಹೆಂಡ್ತಿ ಚಟ್ನಿ ರುಬ್ಬಿದ್ಲು, ನಿನ್ನ ಮಗಳ ಹಾಡು ಅದ್ರಲ್ಲಿ ಹೋಯ್ತು ಅಂತಲಾ? ಆ ತಾಯಿ ಮುಖ ನೋಡಿ ನಿನ್ನ ಬಾಯಲ್ಲಿ ಅದು ಬರುತ್ತಾ?”

ನನಗೆ ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆಮೇಲೆ ಅವರೇ ಹೇಳಿದರು: “ಏನೂ ಇಲ್ಲ ಅನ್ನೋದಕ್ಕಿಂತ ಏನಾದ್ರೂ ಕೊಡೋಣ ಶಾಂಭವಿ. ಚೆನ್ನಾಗಿರೋದೇ ಕೊಡೋಣ.” ಅವರು ಕೆಟ್ಟವರಲ್ಲ. ಹಾಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನಾನು ತಲೆಯಾಡಿಸಿದೆ. ಆ ಕ್ಷಣ ನನಗೆ ಹಾಯೆನಿಸಿದ್ದು ನಿಜ, ಅದಕ್ಕೇ ಈಗ ಹೆಚ್ಚು ನಾಚಿಕೆ.

ಶನಿವಾರದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಹೆಸರು ಕಂಡದ್ದನ್ನು ನಮ್ಮವರು ಕುಸುಮಾ ಟೀಚರಿಗೆ ಹೇಳಿದ್ದರು. ಬಂಕಿನ ಸೂರಿನ ಕೆಳಗೆ ಜಾಗ ಸಾಲದೆ ಜನ ರಸ್ತೆಯ ಅಂಚಿನ ತನಕ ಕೂತಿದ್ದರು. ಮುಂದಿನ ಸಾಲಿನಲ್ಲಿ ಇಂದ್ರಾಣಕ್ಕನನ್ನು ಕುರ್ಚಿ ಹಾಕಿ ಕೂರಿಸಿದ್ದರು. ಒಗೆದ ಹತ್ತಿ ಸೀರೆ ಉಟ್ಟು, ಕೈ ಎರಡೂ ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕೂತಿದ್ದರು. ಕಟ್ಟಳೆಯ ಪ್ರಕಾರ ಅವರ ಮುಂದೆ ನಿಲ್ಲಬೇಕಾದವಳು ನಾನು. ನಾನು ಚಾಪೆಯ ಮೇಲೆ ಹೆಂಗಸರ ಮಧ್ಯೆ ಕೂತಿದ್ದೆ.

ನಮ್ಮವರು ಅಂದು ಹೇಳಿದಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಬಿಂದಿಗೆ ತಂದಿದ್ದರೂ ಮುಟ್ಟಲಿಲ್ಲ. ಬಿಳಿ ಕೋಟು ಹಾಕಿದ ಹುಡುಗಿ ಕಿಟಕಿಯ ಪಕ್ಕ ನಿಂತಿದ್ದಾಳೆ, ಕಾಯುತ್ತಿರುವ ರೋಗಿಗಳು ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಿದ್ದಾರೆ, ಒಬ್ಬ ಮುದುಕ ಕಣ್ಣು ಮುಚ್ಚಿದ್ದಾನೆ ಎಂದರು. “ಗಂಟೆ ಬಾರಿಸಿದಂಥ ಕಂಠ ಕಣ್ರಪ್ಪ, ದೇವಸ್ಥಾನದ ಗಂಟೆ” ಎಂದರು. ಆಮೇಲೆ ಹಾಡಿದರು. ಅಮ್ಮ ಹೊಲಿದ ಅಂಚಿನ ಸೀರೆ ಊರಿಗೆಲ್ಲ ನೆರಳಾಯಿತು ಎಂದೇನೋ ಇತ್ತು ಅದರಲ್ಲಿ. ಮೂರು ದಿನ ಪಾತ್ರೆ ಅಂಗಡಿಯಲ್ಲಿ ಕೂತು ಕಟ್ಟಿದ್ದು. ಹೆಂಗಸರು ಗೊಳೋ ಎಂದರು, ಈರಣ್ಣ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿದ. ನನ್ನ ಪಕ್ಕದಲ್ಲಿದ್ದವಳು ನನ್ನ ತೋಳು ಹಿಡಿದು, “ಪುಣ್ಯ ಮಾಡಿದೀಯ ಶಾಂಭವಕ್ಕ, ಇಂಥ ಕಿವಿ ಇರೋ ಗಂಡನ್ನ ಪಡೆಯೋಕೆ” ಎಂದಳು. ನೆಲ ಬಾಯಿಬಿಡಬಾರದೇ ಎನ್ನಿಸಿತು. ಬಂಕಿನ ಕೆಳಗೆ ಹಳೇ ಪೆಟ್ರೋಲ್ ಟ್ಯಾಂಕು ಟೊಳ್ಳಾಗಿಯೇ ಇದೆ, ಬಾಯಿಬಿಟ್ಟಿದ್ದರೆ ಕಷ್ಟವೇನೂ ಇರಲಿಲ್ಲ.

ಇಂದ್ರಾಣಕ್ಕ ಅಳಲಿಲ್ಲ. ಎದ್ದು ಬಂದು ನಮ್ಮವರಿಗೆ ಕೈಮುಗಿದರು, ಆಮೇಲೆ ಸುತ್ತ ತಿರುಗಿ ಊರಿಗೆಲ್ಲ ಕೈಮುಗಿದರು.

ಅಲ್ಲಿಗೆ ಮುಗಿದಿದ್ದರೆ ನಾನೂ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಆ ಹಾಡು ಊರನ್ನು ಹಿಡಿದುಕೊಂಡಿತು. ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದರು. ಹಿಟ್ಟಿನ ಗಿರಣಿಯಲ್ಲಿ ಸಾಲು ನಿಂತ ಹೆಂಗಸರು ಗುನುಗಿದರು. ಸೀಮಂತವೊಂದರಲ್ಲಿ ಆರತಿ ಎತ್ತುವಾಗಲೂ ಅದನ್ನೇ ಹಾಡಿದರು. ಹೇಳುವಾಗ ಎಲ್ಲರೂ “ನಮ್ಮ ನೇತ್ರಾ ಹಾಡು” ಎನ್ನುತ್ತಿದ್ದರು. ಬದುಕಿದ್ದಾಗ ಆ ಹುಡುಗಿಯನ್ನು ಹೀಗೆ ನಮ್ಮ ನೇತ್ರಾ ಎಂದವರನ್ನು ನಾನು ಕಂಡಿರಲಿಲ್ಲ. ನಮ್ಮವರಿಗೆ ಬಂಕಿನಲ್ಲಿ ಶಾಲು ಹೊದಿಸಿ ಹಾರ ಹಾಕಿದರು. ಆ ಶಾಲನ್ನು ನಾನು ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ಪರದೆಗಳ ಅಡಿಯಲ್ಲಿ ತುರುಕಿದೆ. ಅವರು ಹುಡುಕಿ ತೆಗೆದು ಕುರ್ಚಿಗೆ ಹಾಕಿಕೊಂಡರು.

ಒಂದು ದಿನ ಊಟಕ್ಕೆ ಕೂತಾಗ ಅವರು ಅನ್ನ ಕಲೆಸುವುದನ್ನು ನಿಲ್ಲಿಸಿ, “ನಾನು ಕೇಳಿದ್ದೆ ಅಂತಲೇ ಅನ್ಸುತ್ತೆ ಕಣೆ. ಸಿಲಿಂಡರ್ ಇಳಿಸಿಕೊಳ್ಳುವಾಗ ಕಿಟಕಿಯಿಂದ ಸ್ವಲ್ಪ ಕೇಳಿಸಿತ್ತು” ಎಂದರು.

“ನೀವು ಸಿಲಿಂಡರಿನವನ ಜೊತೆ ಸೀಲ್ ಸರಿಯಿಲ್ಲ ಅಂತ ಜಗಳ ಆಡ್ತಿದ್ರಿ” ಎಂದೆ.

“ನಿಂಗೇನು ಗೊತ್ತು, ನೀನು ಮಿಕ್ಸಿ ಹಾಕಿದ್ಯಲ್ಲ.”

ಆ ಮಾತು ನಮ್ಮ ಮನೆಯಲ್ಲಿ ಬೀಗದ ಹಾಗೆ ಕೆಲಸ ಮಾಡುತ್ತಿತ್ತು.

ಆಮೇಲೆ ಇಂದ್ರಾಣಕ್ಕ ನಮ್ಮ ಮನೆಗೆ ಬಂದರು. ಮಧ್ಯಾಹ್ನದ ಹೊತ್ತು, ನಮ್ಮವರು ಊಟಕ್ಕೆ ಬಂದಿದ್ದರು. ಬಂಕಿನಲ್ಲಿ ನಿಂತು ನಿಂತು ಬೆನ್ನು ನೋಯುತ್ತದೆಂದು ಇವರು ಎಲ್ಲೋ ಹೇಳಿದ್ದನ್ನು ಕೇಳಿಸಿಕೊಂಡು, ಸೀರೆಯ ತುಂಡುಗಳನ್ನು ಸೇರಿಸಿ ಬೆನ್ನಿಗೆ ಇಟ್ಟುಕೊಳ್ಳುವ ದಿಂಬು ಹೊಲಿದು ತಂದಿದ್ದರು. ನಮ್ಮವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ನೀರು ಕೊಟ್ಟೆ. ಇಂದ್ರಾಣಕ್ಕ ಒಂದು ಗುಟುಕು ಕುಡಿದು, ಲೋಟ ಹಿಡಿದುಕೊಂಡೇ ಕೇಳಿದರು: “ಉಮಾಪತಣ್ಣ, ಹಾಡೋಕೆ ಮುಂಚೆ ಅವಳು ಏನಾದ್ರೂ ಅಂದ್ಲಾ?”

“ಅಂದ್ಲಮ್ಮ. ಇದು ನಮ್ಮಮ್ಮಂಗೆ ಅಂದ್ಲು.” ಇವರು ತಡವರಿಸಲೂ ಇಲ್ಲ.

“ನಡುವೆ ಕೆಮ್ಮಿದ್ಲಾ?”

“ಇಲ್ಲ ಇಲ್ಲ. ಒಂದೇ ಉಸಿರಲ್ಲಿ ಹಾಡಿದ್ಲು. ಅಂಥ ಉಸಿರು ತಾಲೀಮು ಮಾಡಿದವರಿಗೂ ಬರಲ್ಲ.”

“ನಕ್ಕಳಾ?”

“ಕೊನೇಲಿ ನಕ್ಕಳು. ಮುತ್ತು ಉದುರಿದ ಹಾಗೆ.”

ಇಂದ್ರಾಣಕ್ಕ ಹೂಂಗುಟ್ಟಿದರು. ಕೇಳುತ್ತಿದ್ದದ್ದು ಅವರನ್ನು, ನೋಡುತ್ತಿದ್ದದ್ದು ನನ್ನನ್ನು. ನಾನು ಅಡುಗೆಮನೆಗೆ ಹೋಗಿ ಮಜ್ಜಿಗೆಗೆ ಎರಡು ಸಲ ಉಪ್ಪು ಹಾಕಿದೆ. ಅವರು ಹೋದ ಮೇಲೆ ನಮ್ಮವರು ಆ ದಿಂಬನ್ನು ಬೆನ್ನಿಗಿಟ್ಟುಕೊಂಡು, “ಎಷ್ಟು ಮೆತ್ತಗಿದೆ ನೋಡು” ಎಂದರು. ನನಗೆ ಅವರನ್ನು ಬೈಯಬೇಕೆನ್ನಿಸಲಿಲ್ಲ. ನನ್ನ ಗಂಡ ಒಬ್ಬ ತಾಯಿಯ ಮುಂದೆ ಹೀಗೆ ಕೂತಿದ್ದಾರಲ್ಲ ಎಂದು ಮೈಯೆಲ್ಲ ಹಿಡಿಯಾಯಿತು. ನಾನೂ ಅದೇ ಮನೆಯಲ್ಲಿ, ಅದೇ ಅನ್ನ ಉಣ್ಣುತ್ತಾ ಇದ್ದೆ.

ಮಾರನೆಯ ದಿನ ಅವರು ಅಂಗಡಿಗೆ ಹೋದದ್ದೇ ತಡ, ಬೀರುವಿನಿಂದ ಒಂದು ಸೀರೆ ತೆಗೆದುಕೊಂಡು ಹಿಂದಿನ ಬೀದಿಗೆ ಹೋದೆ. ಫಾಲ್ ಹಾಕಿಸುವ ನೆಪ. ಬರಿಗೈಯಲ್ಲಿ ಹೋಗುವ ಧೈರ್ಯ ನನಗಿರಲಿಲ್ಲ. ದಾರಿಯಲ್ಲಿ ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತು ಅದೇ ಹಾಡು ಹಾಡುತ್ತಿದ್ದರು. ಕಿವಿ ಮುಚ್ಚಿಕೊಂಡರೆ ನೋಡಿದವರು ಏನೆಂದುಕೊಂಡಾರೋ ಎಂದು ಸುಮ್ಮನೆ ಬೇಗ ಬೇಗ ನಡೆದೆ.

ಇಂದ್ರಾಣಕ್ಕ ನಡುಮನೆಯಲ್ಲಿ ಕಿಟಕಿಯ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಸುತ್ತ ಹಗ್ಗದ ಮೇಲೆ ಯಾರ್ಯಾರದೋ ಸೀರೆಗಳು. ಗೋಡೆಯ ಮೇಲೆ ಬಿಳಿ ಕೋಟು ಹಾಕಿದ ಹುಡುಗಿಯ ಫೋಟೋ. ನನ್ನ ಸೀರೆ ತೆಗೆದುಕೊಂಡು ಬಿಚ್ಚಿ ನೋಡಿದರು.

“ಇದಕ್ಕೆ ಆಗ್ಲೇ ಫಾಲ್ ಇದೆಯಲ್ಲ ಶಾಂಭವಿ.”

ನಾನು ನೋಡಿಕೊಂಡೇ ಇರಲಿಲ್ಲ. ನಿಂತಲ್ಲೇ ನಿಂತು ಹೇಳಿಬಿಟ್ಟೆ: “ಇಂದ್ರಾಣಕ್ಕ, ಆ ಹಾಡು ನಮ್ಮೋರು ಕೇಳ್ಲಿಲ್ಲ.”

“ಗೊತ್ತು” ಎಂದರು. ಸೀರೆಯನ್ನು ಮಡಿಸತೊಡಗಿದರು. “ಗಂಟೆಯಂಥ ಕಂಠ ಅಂದಾಗ್ಲೇ ಗೊತ್ತಾಯ್ತು. ಅಂಚು, ಸೀರೆ, ನೆರಳು... ನನ್ನ ಮಗಳು ಹಂಗೆಲ್ಲ ಮಾತಾಡೋಳಲ್ಲ.”

“ಮತ್ತೆ ಯಾಕೆ ಸುಮ್ನಿದ್ರಿ?”

“ಅಷ್ಟು ಜನ ಅವಳ ಹೆಸ್ರು ಹೇಳ್ಕೊಂಡು ಕಣ್ಣೊರೆಸ್ಕೊಳ್ತಿದ್ರು. ನಡುವೆ ಎದ್ದು, ಸುಳ್ಳು ಕಣ್ರಪ್ಪ ಅನ್ನೋಕೆ ನಂಗೇ ನಾಚಿಕೆ ಆಯ್ತು.” ಸೀರೆಯ ಮಡಿಕೆ ಸರಿಮಾಡುತ್ತಾ ಹೇಳಿದರು: “ನಿನ್ನೆ ನಿಮ್ಮನೆಗೆ ಯಾಕೆ ಬಂದೆ ಅಂದ್ರೆ, ಒಂದಾದ್ರೂ ನಿಜ ಬಿದ್ದೀತಾ ಅಂತ. ಒಂದೂ ಬೀಳ್ಲಿಲ್ಲ.”

ನಾಚಿಕೆ ಅವರಿಗೆ ಆಗಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತೆ. “ನಂಗೆ ಕೇಳಿಸ್ತು ಅಕ್ಕ” ಎಂದೆ. “ಅವ್ರು ಟವೆಲ್ ಹಾಕ್ದೆ ಒಡೆದು ಹೊರಗೆ ಹೋಗಿದ್ರು. ಅಡುಗೆಮನೇಲಿ ನಾನೊಬ್ಳೇ ಇದ್ದೆ. ನಂಗೆ ಬಂತು ಅದು. ಲಿಂಕು ಅಂತ ಗೊತ್ತಾಗ್ಲಿಲ್ಲ. ಒಂದು ಸಾಲು ಕೇಳಿ ಮಿಕ್ಸಿ ಹಾಕ್ಬಿಟ್ಟೆ.”

ಇದು ಅವರಿಗೆ ಗೊತ್ತಿರಲಿಲ್ಲ. ಮಡಿಸುತ್ತಿದ್ದ ಸೀರೆ ಕೈಯಲ್ಲೇ ನಿಂತಿತು. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಏನು ರುಬ್ತಿದ್ದೆ?” ಎಂದು ಕೇಳಿದರು.

“ಕಾಯಿ ಚಟ್ನಿ.”

“ಸಣ್ಣಗಾ, ತರಿತರಿಯಾಗಾ?”

“ಸಣ್ಣಗೆ. ನಮ್ಮೋರಿಗೆ ಸಣ್ಣಗೇ ಆಗ್ಬೇಕು.”

ಅವರು ಏನೋ ಅಂದಾಜು ಮಾಡುವವರ ಹಾಗೆ ತಲೆಯಾಡಿಸಿದರು. ಕಾಯಿ ಚಟ್ನಿ ಸಣ್ಣಗೆ ಆಗಲು ಎಷ್ಟು ಹೊತ್ತು ಬೇಕೆಂದು ಅಡುಗೆ ಮಾಡುವ ಯಾರಿಗೆ ಗೊತ್ತಿಲ್ಲ? ಮಗಳು ಎಷ್ಟು ಹಾಡಿದ್ದಿರಬಹುದು ಎಂದು ಆ ಚಟ್ನಿಯಲ್ಲಿ ಅಳೆಯುತ್ತಿದ್ದರು. ನಾನು ತಲೆ ತಗ್ಗಿಸಿ ನೆಲದ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಆರಿಸುತ್ತಾ ಕೂತೆ.

“ಶನಿವಾರ ಬಂಕಲ್ಲಿ ಎಲ್ಲರ ಮುಂದೆ ನಿಂತು ಹೇಳ್ತೀನಿ” ಎಂದೆ. “ಕೇಳಿದ್ದು ನಾನು, ಹೇಳ್ಬೇಕಾದೋಳೂ ನಾನೇ. ಅವ್ರು ಏನಾದ್ರೂ ಅನ್ಲಿ, ಊರು ಉಗಿದ್ರೆ ಉಗೀಲಿ.”

“ಬೇಡ.”

“ಅಕ್ಕ, ನಂಗೆ ತಡೆಯೋಕಾಗ್ತಿಲ್ಲ.”

“ನಿಂಗೆ ಹಗುರ ಆಗುತ್ತೆ, ಸರಿ. ಸೋಮವಾರದಿಂದ ಶಾಲೆ ಮಕ್ಕಳು ಆ ಹಾಡು ಬಿಡ್ತಾರೆ. ಗಿರಣೀಲಿ ಯಾರೂ ಅವಳ ಹೆಸ್ರು ಎತ್ತಲ್ಲ. ಎತ್ತಿದ್ರೂ ಮಿಕ್ಸಿ ಕಥೆ ಹೇಳ್ಕೊಂಡು ನಗ್ತಾರೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸೀರೆಗೆ ಎಷ್ಟು ಅಂಚು ಬಿಡಬೇಕೆಂದು ಹೇಳುವ ದನಿ. “ಸುಳ್ಳಾದ್ರೂ ಅವಳ ಹೆಸರಲ್ಲಿ ಹಾಡ್ತಿದಾರೆ. ಇರ್ಲಿ ಬಿಡು. ನೀನು ಹೊತ್ಕೊಂಡಿರು.”

ಮುಖಕ್ಕೆ ಹೊಡೆದ ಹಾಗಾಯಿತು. ಊರ ಮುಂದೆ ನಿಂತು, ಉಗಿಸಿಕೊಂಡು, ಮುಖ ತೊಳೆದುಕೊಂಡು ಮನೆಗೆ ಬರುವುದು ಎಂದು ನಾನು ಲೆಕ್ಕ ಹಾಕಿದ್ದೆ. ಆಮೇಲೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಅದರಲ್ಲೂ ನಾನು ನನ್ನನ್ನೇ ನೋಡಿಕೊಂಡಿದ್ದೆ ಎಂದು ಆಗ ತಿಳಿಯಿತು.

ಇಂದ್ರಾಣಕ್ಕ ಎದ್ದು ಹೋಗಿ ಮುಂಬಾಗಿಲು ಹಾಕಿಕೊಂಡು ಬಂದರು. ನನ್ನ ಎದುರು ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

“ನಂಗೊಬ್ಳಿಗೇ ಹೇಳು. ಮಿಕ್ಸಿ ನಿಲ್ಸಿದಾಗ ಏನು ಕೇಳಿಸ್ತು?”

“ಮುಗಿದುಹೋಗಿತ್ತು. ಮುಂದಿನವ್ರು ಬನ್ನಿ ಅಂದ್ಲು, ಅಷ್ಟೆ.”

“ಮುಂದಿನವ್ರು ಬನ್ನಿ” ಎಂದು ಅವರೂ ಮೆಲ್ಲಗೆ ಅಂದರು. “ಮೊದಲ ಸಾಲು?”

ಆ ಸಾಲು ನನ್ನ ತಲೆಯಿಂದ ಹೋಗಿರಲಿಲ್ಲ. ಅಂದಿನಿಂದ ಪಾತ್ರೆ ತೊಳೆಯುವಾಗ, ನೀರು ಹಿಡಿಯುವಾಗ ಅದೇ ಸುತ್ತುತ್ತಿತ್ತು. ಹೇಳಿದೆ: “ಕೆಂಪು ಕೆಂಪು ಸೀಸೆ ಸಾಲಾಗಿ ನಿಂತಾವೆ, ಯಾರದು ಯಾವುದು ಹೇಳಿರೇ.” ಅವಳೇ ಕಟ್ಟಿಕೊಂಡ ಹಾಡಿರಬೇಕು. ರಕ್ತದ ಸೀಸೆಗಳಿಗೆ ಹೆಸರು ಅಂಟಿಸುತ್ತಾ ಹಾಡಿಕೊಂಡದ್ದು.

ಇಂದ್ರಾಣಕ್ಕನ ಬಾಯಿಯ ಅಂಚಿನಲ್ಲಿ ನಗು ಬಂತು. “ಇದು ಅವಳದು. ಇಂಥದ್ದೇ ಏನಾದ್ರೂ ಹೇಳ್ತಿದ್ಲು, ಹುಚ್ಚಿ.” ಆಮೇಲೆ ಕೇಳಿದರು: “ಕಂಠ ಹೇಗಿತ್ತು?”

ಈ ಪ್ರಶ್ನೆ ಬರುತ್ತದೆಂದು ನನಗೆ ಹೆದರಿಕೆಯಿತ್ತು. ಯಾಕೆಂದರೆ ಮಿಕ್ಸಿ ಹಾಕಿದ್ದು ಮಾತ್ರವಲ್ಲ. ಆ ದನಿ ಕೇಳಿದಾಗ ನಾನು ಒಬ್ಬಳೇ ಇದ್ದವಳು ಗಟ್ಟಿಯಾಗಿ ಒಂದು ಮಾತು ಆಡಿದ್ದೆ. ಅದನ್ನು ನಮ್ಮವರಿಗೂ ಹೇಳಿರಲಿಲ್ಲ. ಇವರ ಮುಂದೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

“ಮೂಗಲ್ಲಿ ಹಾಡ್ತಿದ್ಲು ಅಕ್ಕ” ಎಂದೆ. “ಯಾರಪ್ಪ ಇವ್ಳು, ನೆಗಡಿಯಾದ ಮೇಕೆ ಥರ, ಅಂದೆ ನಾನು. ಹಾಗಂದೇ ಮಿಕ್ಸಿ ಹಾಕಿದ್ದು.”

ಇದನ್ನು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇಂದ್ರಾಣಕ್ಕನ ಕೈ ಬಂದು ಸೆರಗನ್ನು ಕೆಳಗೆ ಎಳೆಯಿತು. ಅವರ ಕಣ್ಣು ತುಂಬಿತ್ತು. ಮುಖ ಮಾತ್ರ ಬೇರೆಯೇ ಆಗಿತ್ತು. ಬಂಕಿನಲ್ಲಿ ಕುರ್ಚಿಯ ಮೇಲೆ ಕೂತಿದ್ದವರ ಮುಖ ಅದಲ್ಲ.

“ಹೌದು, ಮೂಗಲ್ಲೇ” ಎಂದರು. “ಮೂಗಲ್ಲೇ ಹಾಡ್ತಿದ್ಲು. ನಂಗೆ ಅದೇ ಮರೆತುಹೋಗಿತ್ತು ನೋಡು.” ನನ್ನ ಎರಡೂ ಕೈ ಹಿಡಿದುಕೊಂಡರು. “ಹಾಡು.”

“ನಂಗೆ ಹಾಡೋಕೆ ಬರಲ್ಲ ಅಕ್ಕ.”

“ಅವಳಿಗೂ ಬರ್ತಿರ್ಲಿಲ್ಲ. ಹಾಡು.”

ಹಾಡಿದೆ. ನನ್ನ ಗಂಟಲು ಒಡೆದ ಮಡಕೆ. ಸಾಲು ಮುಗಿಯುವಷ್ಟರಲ್ಲಿ ಎರಡು ಕಡೆ ತಪ್ಪಿತು. ಇಂದ್ರಾಣಕ್ಕ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯದೆ, ತಲೆಯನ್ನು ಒಂದಿಷ್ಟು ಅಲ್ಲಾಡಿಸಿದರು.

“ಇನ್ನೂ ಸ್ವಲ್ಪ ಮೂಗಲ್ಲಿ” ಎಂದರು.

ನಾನು ಎರಡು ಬೆರಳಿನಿಂದ ಮೂಗು ಹಿಡಿದುಕೊಂಡು ಮತ್ತೆ ಹಾಡಿದೆ.